ಅವ್ವನ ದನಿಗೆ ಮೂರು ಡಬ್ಬಿ

ನನ್ನ ತಮ್ಮ ಜನ್ಮದಲ್ಲಿ ಒಂದೇ ಜೊತೆ ಚಪ್ಪಲಿ ಕೊಂಡವನಲ್ಲ! ಒಂದು ಜೊತೆ ಕಾಲಲ್ಲಿ, ಇನ್ನೊಂದು ಜೊತೆ ಚೀಲದಲ್ಲಿ. ಬಾಗಿಲ ಬೀಗಕ್ಕೆ ನಾಲ್ಕು ಕೀ ಮಾಡಿಸುತ್ತಾನೆ. ನಾಲ್ಕನ್ನೂ ಒಂದೇ ಮೊಳೆಗೆ ನೇತುಹಾಕುತ್ತಾನೆ. ಇಂಥವನ ಕೈಗೆ ಕಂಪ್ಯೂಟರ್ ಸಿಕ್ಕರೆ ಏನಾದೀತು, ನೀವೇ ಹೇಳಿ!

ಕಾಡುಗೋಡಿಯ ಅವನ ಮನೆಯಲ್ಲಿ ನಮ್ಮವ್ವನ ದನಿಯಿದ್ದ ಹಳೇ ಕ್ಯಾಸೆಟ್ ಇತ್ತು. ಫೋಟೋಕ್ಕೆ ನಿಂತರೆ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದವಳು ಅವ್ವ. ಹೋದ ಮೇಲೆ ನಮಗೆ ಉಳಿದದ್ದು ಆ ದನಿಯೊಂದೇ. ತಮ್ಮ ಅದನ್ನು ಕಂಪ್ಯೂಟರಿಗೆ ಇಳಿಸಿದ. ಇಳಿಸಿ ಮುಗಿಯುತ್ತಲೇ ರೀಲು ತುಂಡಾಯಿತು. ಇನ್ನು ಅವನಿಗೆ ನಿದ್ದೆ ಬರುತ್ತದೆಯೇ? ವೈಟ್‌ಫೀಲ್ಡಿನ ಅಂಗಡಿಯವನ ತಲೆ ತಿನ್ನಲು ಹೋದ. ಜೊತೆಗೆ ನನ್ನನ್ನೂ ಎಳೆದುಕೊಂಡು!

"ಒಂದು ಹಾರ್ಡ್ ಡಿಸ್ಕ್ ಸಾಕು ಸಾರ್."

"ಅದು ಕೆಟ್ರೆ?"

"ಎರಡು ತಗೊಳ್ಳಿ."

"ಎರಡೂ ಕೆಟ್ರೆ?"

"ಮೂರು ತಗೊಂಡು ಮನೆಗೋಗಿ ಸಾರ್, ಊಟದ ಟೈಮು!"

ಮೂರು ಬಂದವು, ಮೂರಕ್ಕೂ ಅವ್ವನ ದನಿ ತುಂಬಿದ. ಮಾರನೆಯ ವಾರ ಒಂದನ್ನು ಹೊತ್ತು, ಬಸ್ಸು ಬದಲಿಸಿ ಬದಲಿಸಿ, ನಾಗಸಂದ್ರದ ನನ್ನ ಮನೆಗೆ ಬಂದ. ಡಬ್ಬಿ ತೆಗೆದರೆ ಡಿಸ್ಕಿನ ಸುತ್ತ ಬೇವಿನ ಸೊಪ್ಪು!

"ಇದುಕ್ಕೂ ಹುಳ ಬೀಳ್ತದೇನೋ?"

"ಬಿದ್ರೆ? ಬಿತ್ತನೆ ರಾಗೀನ ಅವ್ವ ಇಂಗೇ ಅಲ್ವೇನಕ್ಕ ಮಡಗ್ತಿದ್ದಿದ್ದು? ಅರ್ಧ ನಮ್ಮನೇಲಿ, ಅರ್ಧ ದೊಡ್ಡವ್ವನ ಮನೇಲಿ."

"ತಲೆ ನೆಟ್ಟಗೈತಾ ನಿಂಗೆ?" ಎಂದು ಬೈದು, ಡಬ್ಬಿಯನ್ನು ರಾಗಿ ಡಬ್ಬದ ಪಕ್ಕಕ್ಕೆ ತಳ್ಳಿದೆ.

ಆಯುಧಪೂಜೆ ಬಂತು. ಬುದ್ಧಿವಂತ ಏನು ಮಾಡಿದ ಗೊತ್ತೇ? ಕಂಪ್ಯೂಟರ್, ಅದರ ಮುಂದೆ ಉಳಿದೆರಡು ಡಿಸ್ಕು ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಬಳಿದು, ತೆಂಗಿನಕಾಯಿ ಒಡೆದು ಎಳೆಯ ಮಕ್ಕಳಿಗೆ ನೀರು ಹುಯ್ಯುವ ಹಾಗೆ ಕಾಯಿನೀರನ್ನು ಎಲ್ಲಕ್ಕೂ ಸುರಿದ. ಯಾವ ದೇವರು ಒಲಿದರೋ ಕಾಣೆ, ಮೂರೂ ಒಟ್ಟಿಗೆ ಕಣ್ಣು ಮುಚ್ಚಿದವು!

ಮಧ್ಯಾಹ್ನ ನನ್ನ ಬಾಗಿಲಲ್ಲಿ ನಿಂತಿದ್ದ. ಒಂದು ಕಾಲಲ್ಲಿ ಒಂದು ಜೊತೆಯ ಚಪ್ಪಲಿ, ಇನ್ನೊಂದರಲ್ಲಿ ಬೇರೆ ಜೊತೆಯದು. "ಅಕ್ಕ, ಆ ಡಬ್ಬಿ..." ಎಂದ. ಬೈಯದೆ ರಾಗಿ ಡಬ್ಬದ ಪಕ್ಕದಿಂದ ಅದನ್ನು ಎಳೆದು ತೆಗೆದೆ.

ಬೇವಿನ ಸೊಪ್ಪು ಒಣಗಿ ಪುಡಿಯಾಗಿತ್ತು. ಒರೆಸಿ ನನ್ನ ಮಗಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ಗೊರಗೊರ ಎಂದಿತು. ಆಮೇಲೆ ಅವ್ವ, ಹಟ್ಟಿಯಿಂದ ಕೂಗಿದ ಹಾಗೆ:

"ಕೋಳಿ ಮುಚ್ಚಿದ್ಯೇನೇ? ಲೋ ಮಗಾ, ಉಂಡ್ಯೇನೋ?"

ಅರವತ್ತು ದಾಟಿದ ನನ್ನ ತಮ್ಮ, "ಉಂಡೆ ಕಣವ್ವ" ಎಂದ.

ಸುಳ್ಳ! ಬೆಳಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಎದ್ದು ಹೋಗಿ ಮುದ್ದೆಗೆ ಎಸರಿಟ್ಟು, ಒಲೆಯ ಮುಂದಿನಿಂದಲೇ ಕೂಗಿದೆ:

"ಇನ್ನೊಂದ್ಸಲ ಹಾಕೋ."