ನಾಲ್ಕನೇ ಮಹಡಿಯ ಪೈಲ್ವಾನನ ಪರವಾಗಿ, ಲಿಫ್ಟ್ ಮಹಾಶಯರಿಗೆ

ಮಾನ್ಯರೇ,

ಕೆಳಗಿದ್ದವರನ್ನು ಮೇಲೆತ್ತುವ, ಮೇಲೇರಿದವರನ್ನು ಕೆಳಗಿಳಿಸುವ ತಮ್ಮ ನಿಷ್ಪಕ್ಷಪಾತ ಬುದ್ಧಿಗೆ ಮೊದಲು ಕೈಮುಗಿದು, ಹೊಸ ಮೋಟಾರಿನೊಂದಿಗೆ ತಾವು ಸುಖವಾಗಿ ಹೊಂದಿಕೊಂಡಿದ್ದೀರಿ ಎಂಬ ನಂಬಿಕೆಯಿಂದ, ಇದೇ ಕಟ್ಟಡದ ನಾಲ್ಕನೇ ಮಹಡಿಯ ನಿವಾಸಿಯೂ ಕೋರ್ಟಿನಲ್ಲಿ ಬೆರಳಚ್ಚು ಕೆಲಸದವಳೂ ಆದ ನಾನು ಈ ದೂರನ್ನು ಎಲ್ಲರ ಕಣ್ಣಿಗೂ ಬೀಳಲೆಂದು ಕೆಳಗಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ. ದಿನವಿಡೀ ಪರರ ಅಹವಾಲುಗಳನ್ನು ಟೈಪು ಮಾಡುವವಳಿಗೆ ಸ್ವಂತದ್ದೊಂದು ಅಹವಾಲು ಸಿಕ್ಕಿರುವುದು ಇದೇ ಮೊದಲು. ಬರವಣಿಗೆ ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ಅಹವಾಲು ನಮ್ಮ ನಾಯಿಯ ಕುರಿತದ್ದು. ಮರಿಯಾಗಿದ್ದಾಗ ನನ್ನ ಯಜಮಾನರ ಬೂಟನ್ನು ಚಿತ್ ಮಾಡಿ ಅದರ ಮೇಲೆ ಕೂತದ್ದಕ್ಕೆ ಅವನಿಗೆ ಪೈಲ್ವಾನ್ ಎಂಬ ಬಿರುದು ಬಂತು, ಬಿರುದೇ ಹೆಸರಾಯಿತು. ಈಗ ಮುಖ ಪೂರಾ ಬೆಳ್ಳಗಾಗಿದೆ. ಬೆಳಿಗ್ಗೆ ಏಳುವಾಗ ಮೊದಲು ಮುಂಗಾಲು, ಆಮೇಲೆ ಸ್ವಲ್ಪ ಯೋಚನೆ, ಆಮೇಲೆ ಹಿಂಗಾಲು ಎಂಬ ಕ್ರಮ ಜಾರಿಗೆ ಬಂದಿದೆ. ಸೋಫಾದವರೆಗೆ ಹೋಗಿ, ಹತ್ತಲಾರದೆ ನಿಂತು, ತಾನು ಬಂದದ್ದೇ ಅದನ್ನು ಮೂಸಲೆಂದು ಎಂಬಂತೆ ಮೂಸಿ ಹಿಂದಿರುಗುತ್ತಿದ್ದ. ಇದನ್ನು ನಾವು ದೊಡ್ಡಸ್ತಿಕೆ ಎಂದುಕೊಂಡು ನಗುತ್ತಿದ್ದೆವು. ಒಂದು ದಿನ ಯಜಮಾನರು ಸೊಂಟದ ಮೇಲೆ ಕೈಯಿಟ್ಟಾಗ ಜನ್ಮದಲ್ಲೇ ಮೊದಲ ಸಲ ಗುರ್ ಎಂದ. ಮರುಕ್ಷಣವೇ ನಾಚಿಕೊಂಡು ಅದೇ ಕೈಯನ್ನು ನೆಕ್ಕಿದ. ಅವತ್ತು ನಗು ನಿಂತಿತು, ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಪಶುವೈದ್ಯೆ ಅವನ ಕಾಲುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ, ಇದು ಸಂಧಿವಾತ, ಕೀಲುಗಳು ಸವೆದಿವೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಆದರೆ ನೋವನ್ನು ಹದ್ದುಬಸ್ತಿನಲ್ಲಿಡಬಹುದು ಎಂದರು. ಮಾತ್ರೆ ಕೊಟ್ಟರು. ನುಣುಪು ನೆಲಕ್ಕೆ ಚಾಪೆ ಹಾಸಿ, ಸೊಂಟಕ್ಕೆ ಬಿಸಿಬಟ್ಟೆಯ ಶಾಖ ಕೊಡಿ, ತೂಕ ಇಳಿಸಿ, ದಿನಾ ಸಮತಟ್ಟು ನೆಲದಲ್ಲಿ ಸ್ವಲ್ಪ ಸ್ವಲ್ಪ ನಡೆಸಿ ಎಂದರು. ಕೊನೆಗೆ, ಮೆಟ್ಟಿಲು ಮಾತ್ರ ಬೇಡ ಎಂದರು. ನಾವು ಹೆಮ್ಮೆಯಿಂದ, ನಮಗೆ ಲಿಫ್ಟ್ ಇದೆ ಎಂದೆವು. ಮಾನ್ಯರೇ, ಆ ಮಾತು ತಮ್ಮ ಕಿವಿಗೆ ಹೇಗೆ ಬಿತ್ತೋ ತಿಳಿಯದು. ನಾವು ಆಸ್ಪತ್ರೆಯಿಂದ ಮರಳಿದಾಗ ತಾವು ಬಾಗಿಲು ಅರ್ಧ ತೆರೆದುಕೊಂಡು, ದೀಪ ಆರಿಸಿಕೊಂಡು, ದೀರ್ಘ ವಿಶ್ರಾಂತಿಗೆ ತೆರಳಿದ್ದಿರಿ.

ಬಿಡಿಭಾಗ ಬರಬೇಕು ಎಂದರು ನಮ್ಮ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಎಲ್ಲಿಂದ ಎಂದು ಕೇಳಿದ್ದಕ್ಕೆ ಆಕಾಶದ ಕಡೆ ನೋಡಿದರು. ಅವರ ಮನೆ ಇರುವುದು ನೆಲಮಹಡಿಯಲ್ಲಿ ಎಂಬುದನ್ನು ಯಾವ ದುರುದ್ದೇಶವೂ ಇಲ್ಲದೆ ಇಲ್ಲಿ ನಮೂದಿಸುತ್ತೇನೆ.

ಹೀಗಾಗಿ ಸ್ನಾನದ ಟವೆಲನ್ನು ಪೈಲ್ವಾನನ ಹೊಟ್ಟೆಯಡಿ ತೂರಿಸಿ, ಅದರ ಎರಡು ತುದಿ ಹಿಡಿದು ಹಿಂಭಾಗದ ಭಾರವನ್ನು ನಾನು ಎತ್ತುವುದು, ಬಸ್ ಓಡಿಸಿ ದಣಿದು ಬಂದ ಯಜಮಾನರು ಮುಂದೆ ನಿಂತು ಅವನ ಎದೆಗೆ ಕೈ ಆನಿಸಿ ಹಿಮ್ಮುಖವಾಗಿ ಇಳಿಯುವುದು ಎಂದಾಯಿತು. ತುಂಬಿದ ಬಸ್ಸನ್ನು ರಿವರ್ಸ್ ತೆಗೆದುಬಿಡುವ ಮನುಷ್ಯ, ಒಂದು ನಾಯಿಯನ್ನು ಇಳಿಸುವಾಗ ಬೆವರಿ ನೀರಾಗುತ್ತಿದ್ದರು. ಟವೆಲು ಭಾರ ಹೊರುವುದಾದರೆ, ತಿರುವಿಗೊಮ್ಮೆ ದಮ್ಮು ತೆಗೆದುಕೊಳ್ಳುವುದಾದರೆ ಸದ್ಯಕ್ಕೆ ನಡೆಯುತ್ತದೆ ಎಂದು ಪಶುವೈದ್ಯೆಯೂ ಒಪ್ಪಿದರು.

ದಮ್ಮು ತೆಗೆದುಕೊಳ್ಳಲು ಪೈಲ್ವಾನ್ ಆರಿಸಿಕೊಂಡದ್ದು ಮೂರನೇ ಮಹಡಿಯ ಸದ್ದು ತಾತನ ಹೊಸ್ತಿಲನ್ನು. ಹಡಗಿನಲ್ಲಿ ಅಡುಗೆಯವರಾಗಿ ನಿವೃತ್ತರಾದ ಈ ಒಂಟಿ ಹಿರಿಯರು, ಯಾರು ಏನು ಮಾಡಿದರೂ ಬಾಗಿಲು ಸಂದಿಯಿಂದ "ಸದ್ದು" ಎನ್ನುತ್ತಿದ್ದುದರಿಂದ ಮಕ್ಕಳು ಅವರಿಗೆ ಆ ಹೆಸರಿಟ್ಟಿದ್ದವು. ಪೈಲ್ವಾನನ ಬೊಗಳುವಿಕೆಯ ಬಗ್ಗೆ ಸಂಘಕ್ಕೆ ಅತಿ ಹೆಚ್ಚು ದೂರು ಕೊಟ್ಟವರೂ ಅವರೇ. ಬಾಗಿಲು ತೆರೆಯಿತು. ಬೈಗುಳಕ್ಕೆ ನಾವು ತಲೆ ತಗ್ಗಿಸಿ ನಿಂತೆವು. ಅವರು ನಾಯಿಯ ನಡುಗುವ ಹಿಂಗಾಲನ್ನು ನೋಡಿದರು, ಒಳಗೆ ಹೋದರು, ಹಳೆಯ ಕಂಬಳಿ ತಂದು ಹಾಸಿದರು.

"ತಣ್ಣನೆ ನೆಲದ ಮೇಲೆ ಕೂರಿಸ್ತೀರಲ್ಲ, ಅದು ಮೊಣಕಾಲಿಗೆ ಆಗಲ್ಲ. ನನಗೆ ಗೊತ್ತು," ಎಂದರು.

ಗೊತ್ತಿರಲೇಬೇಕು. ಮಾನ್ಯರೇ, ತಾವು ಕೆಟ್ಟು ನಿಂತ ದಿನದಿಂದ ಮೊಣಕಾಲು ನೋವಿನ ಆ ಮನುಷ್ಯ ಬೀದಿಯನ್ನೇ ನೋಡಿರಲಿಲ್ಲ. ದಿನಸಿ ಬಾಗಿಲಿಗೆ ಬರುತ್ತಿತ್ತು, ಗಾಳಿ ಕಿಟಕಿಯಿಂದ. ಇದು ನಮಗೆ ತಿಳಿದದ್ದು ಕಂಬಳಿಯ ಮೇಲೆ ಪೈಲ್ವಾನ್ ಮಲಗಿದ್ದಾಗ ಅವರು ಆಡಿದ ಅರೆಬರೆ ಮಾತಿನಿಂದ. ಕೆಲವು ದಿನ ಕಳೆದ ಮೇಲೆ ಅವರು ಟೋಪಿ, ಕೋಲು ಸಮೇತ ಹೊರಗೆ ಬಂದು, ನಾನೂ ಒಂದು ತಿರುವಿನವರೆಗೆ ಇಳಿದು ನೋಡುತ್ತೇನೆ ಎಂದರು. ಬೇರೆಯವರ ಜೊತೆ ಇಳಿದರೆ ಅವರು ತನ್ನ ಮೇಲೊಂದು ಕಣ್ಣಿಟ್ಟುಕೊಂಡು ಕಾಯುತ್ತಾರೆ, ಆ ಕಾಯುವಿಕೆಯೇ ಕಾಲಿಗೆ ತೊಡರುತ್ತದಂತೆ. ಪೈಲ್ವಾನ್ ಯಾರನ್ನೂ ಕಾಯುವ ಸ್ಥಿತಿಯಲ್ಲಿರಲಿಲ್ಲ. ಒಂದು ತಿರುವು ಎರಡಾಯಿತು, ಬರಬರುತ್ತಾ ಬೀದಿ ಬಂತು. ಬೀದಿಯಲ್ಲಿ ಇಬ್ಬರೂ ಒಂದೇ ದೀಪದ ಕಂಬದವರೆಗೆ ಹೋಗಿ, ತಂತಮ್ಮ ಕಾರಣಗಳಿಗಾಗಿ ಅಲ್ಲಿ ನಿಂತು, ಮರಳುತ್ತಿದ್ದರು.

ಆಗ ನನ್ನ ಯಜಮಾನರ ಅಕ್ಕ ಬಂದರು. ನಮ್ಮ ಮೆರವಣಿಗೆ ನೋಡಿ ಅವರ ಕರುಳು ಚುರ್ ಎಂದಿತು. ತಮ್ಮದು ನೆಲದ ಮೇಲಿನ ಮನೆ, ಅಂಗಳವಿದೆ, ಒಂದೇ ಒಂದು ಮೆಟ್ಟಿಲಿಲ್ಲ, ಭಾನುವಾರ ಕಾರು ತರುತ್ತೇನೆ, ಪೈಲ್ವಾನನನ್ನು ಕೊಟ್ಟುಬಿಡಿ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನಾವಿಬ್ಬರೂ ಎಷ್ಟು ಹೆಣಗಿದರೂ ಸಿಗಲಿಲ್ಲ. ಹೂಂ ಎಂದೆವು. ಯಜಮಾನರು ಊಟ ಬಿಟ್ಟು ಎದ್ದರು. ನಾನು ಅವನ ಚಾಪೆ, ಮಾತ್ರೆ, ಟವೆಲು ಒಂದು ಚೀಲಕ್ಕೆ ತುಂಬಿದೆ, ಅದರ ಪಕ್ಕದಲ್ಲೇ ಅವನು ಬಂದು ಮಲಗಿದ. ತನ್ನ ಸಾಮಾನು ಕಾಯುವುದು ಅವನ ಹಳೆಯ ಕಸುಬು.

ವಿಷಯ ತಿಳಿಸಲು ಮೂರನೇ ಮಹಡಿಗೆ ಇಳಿದೆ. ತಾತ ಸ್ವಲ್ಪ ಹೊತ್ತು ಬಾಗಿಲ ಚಿಲಕವನ್ನು ಹಾಕಿ ತೆಗೆದು ಮಾಡಿದರು.

"ಅಂಗಳ ಒಳ್ಳೇದೇ ಕಣಮ್ಮಾ. ಅವನಿಗೆ ಒಳ್ಳೇದಾಗ್ಲಿ," ಎಂದರು. ಆಮೇಲೆ, ನನ್ನ ಮುಖ ನೋಡದೆ, "ಅವನು ಹೋದ್ರೆ ನಾನು ಯಾರ ಜೊತೆ ಇಳೀಲಿ?" ಎಂದರು.

ಮೇಲೆ ಬಂದು ಯಜಮಾನರಿಗೆ ಹೇಳಿದೆ. ಅವರು ಅಕ್ಕನಿಗೆ ಫೋನು ಮಾಡಿ, ಪೈಲ್ವಾನನನ್ನು ಕೊಡಲಾರೆವು ಎಂದರು. ಅಕ್ಕ ಬೈದರು, ಅತ್ತರು, ಭಾನುವಾರ ಕಾರು ತಂದೇ ತಂದರು. ಮೂವರನ್ನು, ಅಂದರೆ ನಾಯಿಯನ್ನು, ತಾತನನ್ನು, ಟವೆಲು ಹಿಡಿಯಲು ನನ್ನನ್ನು, ಅಂಗಳಕ್ಕೆ ಕರೆದೊಯ್ದು ಬಿಸಿಲಿನಲ್ಲಿ ಕೂರಿಸಿ ಸಂಜೆ ವಾಪಸು ತಂದುಬಿಟ್ಟರು. ಈ ಏರ್ಪಾಡು ಈಗಲೂ ನಡೆದಿದೆ. ಪೈಲ್ವಾನನ ತೂಕವೂ ಇಳಿದಿದೆ. ಪಶುವೈದ್ಯೆ ನನ್ನ ತೂಕವೂ ಇಳಿದಿರುವುದನ್ನು ಗಮನಿಸಿದರು.

ಇಷ್ಟೆಲ್ಲ ಸುಸೂತ್ರವಾಗಿ ಸಾಗಿದ್ದಾಗ, ಮಾನ್ಯರೇ, ತಾವು ಯಾರನ್ನೂ ಕೇಳದೆ ಗುಣವಾಗಿಬಿಟ್ಟಿರಿ. ಪೈಲ್ವಾನನ ಕೀಲುಗಳ ಪರವಾಗಿ ಇದಕ್ಕೆ ನಮ್ಮ ಹೃತ್ಪೂರ್ವಕ ಧನ್ಯವಾದ. ಮೊದಲ ದಿನ ಅವನು ಒಳಗೆ ಹೆಜ್ಜೆಯಿಟ್ಟು, ನಿಟ್ಟುಸಿರು ಬಿಟ್ಟು, ಅಷ್ಟೂ ಜಾಗಕ್ಕೆ ಕಾಲು ಚಾಚಿದ. ಮೂರನೇ ಮಹಡಿ ದಾಟುವಾಗ ತಮ್ಮ ಬಾಗಿಲಿನ ಗಾಜಿನಿಂದ ಕಂಡದ್ದು ಕಂಬಳಿ ಹಾಸಿಕೊಂಡು, ಟೋಪಿ ಹಾಕಿಕೊಂಡು, ಮೆಟ್ಟಿಲ ಕಡೆಗೆ ನೋಡುತ್ತ ನಿಂತಿದ್ದ ತಾತ. ಕೆಳಗೆ ತಲುಪಿದವರು ಹೊರಗೆ ಕಾಲಿಡದೆ ಮತ್ತೆ ಮೂರಕ್ಕೆ ಬಂದೆವು. ಅವರು ಕರೆಗಂಟೆಯ ಸ್ಕ್ರೂ ಪರೀಕ್ಷಿಸುತ್ತಿರುವವರಂತೆ ನಟಿಸಿದರು, ಕರೆದ ಕೂಡಲೇ ಬಂದರು.

ಈಗ ಮೂಲ ದೂರಿಗೆ ಬರುತ್ತೇನೆ. ತಮ್ಮದು ವಿಪರೀತ ವೇಗ. ಮೆಟ್ಟಿಲಿನ ಕಾಲದಲ್ಲಿ ತಾತ ತಿರುವಿಗೊಂದರಂತೆ ಹಡಗಿನ ಕಥೆ ಹೇಳುತ್ತಿದ್ದರು. ಕ್ಯಾಪ್ಟನ್ನರು ತಪ್ಪಿ ಉಗ್ರಾಣದೊಳಗೆ ಸಿಕ್ಕಿಹಾಕಿಕೊಂಡ ಘಟ್ಟಕ್ಕೆ ಬಂದಿದ್ದಾಗ ತಾವು ದುರಸ್ತಿಯಾದಿರಿ. ಮೂರರಿಂದ ಕೆಳಗಿಳಿಯುವ ಅವಧಿಯಲ್ಲಿ ತಾತ ಗಂಟಲು ಸರಿಪಡಿಸಿಕೊಳ್ಳುವುದಷ್ಟೇ ಸಾಧ್ಯ. ಬೀದಿಯಲ್ಲಿ ಅವರಿಗೆ ಬರೀ ಪೈಲ್ವಾನನ ಕಾಲಿನ ಮೇಲೆ ನಿಗಾ. ಕ್ಯಾಪ್ಟನ್ನರು ಇನ್ನೂ ಒಳಗೇ ಇದ್ದಾರೆ, ನನ್ನ ಯಜಮಾನರು ನಿದ್ದೆಯಲ್ಲೂ ಅವರ ಬಗ್ಗೆ ಕೇಳುತ್ತಾರೆ.

ಆದಕಾರಣ, ನಾಯಿಯನ್ನು ಹೊತ್ತಾಗ ತಾವು ಆಮೆಯಂತೆ ಇಳಿಯಬೇಕಾಗಿಯೂ, ಮೂರನೇ ಮಹಡಿಯಲ್ಲಿ ಯಾರೂ ಗುಂಡಿ ಒತ್ತದೆಯೇ ನಿಲ್ಲಬೇಕಾಗಿಯೂ, ಸಾಧ್ಯವಾದರೆ ನೆಲಕ್ಕೆ ಕಂಬಳಿ ಹಾಸಿಕೊಳ್ಳಬೇಕಾಗಿಯೂ, ಮುಂದೆ ಎಂದಾದರೂ ವಿಶ್ರಾಂತಿ ಬೇಕೆನಿಸಿದರೆ ಪೈಲ್ವಾನನ ಕೀಲುಗಳನ್ನು ಮೊದಲು ವಿಚಾರಿಸಿಕೊಂಡು, ಅಧ್ಯಕ್ಷರು ಒಳಗಿರುವ ಹೊತ್ತನ್ನೇ ಆರಿಸಿಕೊಳ್ಳಬೇಕಾಗಿಯೂ ವಿನಂತಿ.

ಮತ್ತೆ ಕೈಕೊಡುವವರೆಗೆ,
ತಮ್ಮ ವಿಶ್ವಾಸಿ,
ನಾಲ್ಕನೇ ಮಹಡಿಯ ಟವೆಲು ಹಿಡಿಯುವವಳು

ಮರೆತ ಮಾತು: ತಮ್ಮ ಒಳಗೋಡೆಯ ಮೇಲೆ "ಲಿಫ್ಟಿನಲ್ಲಿ ನಾಯಿಗಳನ್ನು ತರಬಾರದು" ಎಂಬ ಬರಹವಿತ್ತು, ಇಷ್ಟು ವರ್ಷ ನಮ್ಮ ಮನೆಯವರಿಗೆ ಮಾತ್ರ ಅದನ್ನು ಓದಲು ಬರುತ್ತಿರಲಿಲ್ಲ. ಸಂಘದ ಬೆನ್ನುಬಿದ್ದು ಅದನ್ನು ಬರೆಸಿದವರು ಸದ್ದು ತಾತ. ಮೊನ್ನೆ ಯಾರೋ ಅದರಲ್ಲಿ "ಬಾರದು" ಎಂಬುದನ್ನು ಕೀಲಿಕೈಯಿಂದ ಕೆರೆದು, ನಡುಗುವ ಕೈಯಲ್ಲಿ "ಬಹುದು" ಎಂದು ತಿದ್ದಿದ್ದಾರೆ. ಕೋರ್ಟಿನವಳಾದ ನಾನು ತಿದ್ದುಪಡಿಯ ಪಕ್ಕದಲ್ಲಿ ಸಹಿ ಇರಬೇಕು ಎಂದು ತಾತನಿಗೆ ಸೂಚ್ಯವಾಗಿ ಹೇಳಿದೆ. ಅವರು ಪೈಲ್ವಾನನ ಕಡೆ ಬೆರಳು ತೋರಿಸಿ, ಅವನನ್ನೇ ಕೇಳಿ ಎಂದರು. ತಮಗೆ ಆಕ್ಷೇಪಣೆ ಇದ್ದಲ್ಲಿ ಅಧ್ಯಕ್ಷರಿಗೆ ಬರೆಯತಕ್ಕದ್ದು. ಅವರು ಆಕಾಶದ ಕಡೆ ನೋಡಿ ಕೂಡಲೇ ಕ್ರಮ ಕೈಗೊಳ್ಳುತ್ತಾರೆ.