ಆಲ್ಬರ್ಟಜ್ಜ ಹೊರಡುವ ತನಕ

ಪಕ್ಕದ ಮನೆಯ ಆಲ್ಬರ್ಟಜ್ಜ ರಾತ್ರಿ ನಿದ್ದೆಯಲ್ಲೇ ತೀರಿಕೊಂಡರೆಂಬ ಸುದ್ದಿ ಅಚ್ಯುತನ ಮನೆ ಮುಟ್ಟಿದಾಗ ಬಾಣಲೆಯಲ್ಲಿ ಉಪ್ಪಿಟ್ಟಿನ ರವೆ ಅರ್ಧ ಹುರಿದಾಗಿತ್ತು. ಸುದ್ದಿ ತಂದವಳು ಎದುರು ಮನೆಯ ಡೋರೀನ್. ಲೀಡ್ಸ್ ನಗರದ ಆ ಬೀದಿಯಲ್ಲಿ ಅವಳಿಗೆ ತಿಳಿಯದೆ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ.

ಅಚ್ಯುತನ ತಾಯಿ ಇಂದಿರಮ್ಮ ಕುರ್ಚಿಯಲ್ಲಿ ಕುಸಿದರು. ಮಗನ ಮನೆಗೆ ಬಂದಾಗಿನಿಂದ ಹಿತ್ತಿಲ ಗೋಡೆಯ ಆಚೆ ಅಜ್ಜ, ಈಚೆ ಇವರು. ಅವರಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಆದರೂ ಕೈಸನ್ನೆಯಲ್ಲೇ ಮೊಣಕಾಲು ನೋವಿನಿಂದ ಹಿಡಿದು ಬಸವನಹುಳುವಿನ ಕಾಟದವರೆಗೆ ಎಲ್ಲವನ್ನೂ ಮಾತಾಡಿ ಮುಗಿಸಿದ್ದರು. ಅಜ್ಜ ತಮ್ಮ ಹಿತ್ತಿಲಲ್ಲಿ ಬೆಳೆದು ಕೊಟ್ಟ ರೂಬಾರ್ಬ್ ಎಂಬ ಹುಳಿ ದಂಟಿನಿಂದ ಇವರು ಗೊಜ್ಜು ಮಾಡಿಕೊಟ್ಟರೆ, ಅದನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಮತ್ತೆ ಕೈಚಾಚುತ್ತಿದ್ದರು.

ಇಂದಿರಮ್ಮ ಎದ್ದು ಒಲೆ ಆರಿಸಿದರು.

"ಅಮ್ಮಾ, ಉಪ್ಪಿಟ್ಟು?"

"ಬೀದೀಲಿ ಹೆಣ ಇರುವಾಗ ಒಲೆ ಉರಿಸ್ತಾರೇನೋ? ಅವರು ಹೊರಡಲಿ. ಆಮೇಲೆ ಸ್ನಾನ, ಅಡಿಗೆ."

"ನಿನ್ನ ಸಕ್ಕರೆ ಕಾಯಿಲೆ ಮಾತ್ರೆ? ಬರೀ ಹೊಟ್ಟೇಲಿ ನುಂಗಿದರೆ ತಲೆ ಸುತ್ತಿ ಬೀಳ್ತೀಯ."

"ಬೀಳಲ್ಲ. ಗೋಡೆ ಹಿಡ್ಕೋತೀನಿ."

ಹೆಂಡತಿ ವೈಜಯಂತಿ ಕೆಲಸಕ್ಕೆ ಹೊರಟಿದ್ದಳು. "ಬೀದಿ ದಾಟಿದರೆ ದೋಷ ಇಲ್ಲ ತಾನೇ ಅತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೀದಿ ದಾಟಿದಳು. ಅಚ್ಯುತನಿಗೆ ಅಂದು ರಜೆ. ತಾಯಿಯನ್ನು ಉಪವಾಸ ಕೆಡವಿ ತಾನು ತಿನ್ನುವ ಮಗ ಅವನಲ್ಲ. ತಾಯಿ ಹೊರಗಿನ ಅನ್ನ ಮುಟ್ಟುವವರೂ ಅಲ್ಲ. ಉಳಿದದ್ದು ಒಂದೇ ದಾರಿ, ಅಜ್ಜನನ್ನು ಬೇಗ ಹೊರಡಿಸುವುದು.

ಪಕ್ಕದ ಮನೆಯಲ್ಲಿ ಅಜ್ಜನ ಮಗಳು ಮೊರೀನ್ ಚಹಾ ಕೊಟ್ಟಳು, ಜೊತೆಗೊಂದು ತಟ್ಟೆ ಬಿಸ್ಕತ್ತು. ಸಾವಿನ ಮನೆಯಲ್ಲಿ ಮುಟ್ಟುವಂತಿಲ್ಲ. ಬಿಸ್ಕತ್ತುಗಳು ಮುನಿಸಿಕೊಂಡ ಬೀಗರ ಹಾಗೆ ಅವನನ್ನೇ ನೋಡುತ್ತಿದ್ದವು.

"ಅಂತ್ಯಕ್ರಿಯೆ ಯಾವಾಗ ಮೊರೀನ್?"

"ಚಿತಾಗಾರದಲ್ಲಿ ಸರದಿ ಇದೆಯಂತೆ. ಮೂರು ವಾರ ಆಗುತ್ತೆ."

ಅಚ್ಯುತ ಚಹಾದ ಲೋಟ ಕೆಳಗಿಟ್ಟ. ಮೂರು ವಾರ ತಾಯಿ ಗೋಡೆ ಹಿಡಿದುಕೊಂಡು ನಿಂತ ಚಿತ್ರ ಕಣ್ಣ ಮುಂದೆ ಬಂತು. ಹುಟ್ಟಿದಂದಿನಿಂದ ಬಾರದ ವಾಕ್ಚಾತುರ್ಯ ಹಸಿವಿನಿಂದ ಬಂತು.

"ತಪ್ಪು ತಿಳೀಬೇಡಿ. ನಮ್ಮ ಕಡೆ ಅವತ್ತೇ ಕಳಿಸಿಕೊಡ್ತೀವಿ. ಹೋದವರನ್ನ ಯಾರದೋ ತಣ್ಣನೆ ಕೋಣೇಲಿ ಒಂಟಿಯಾಗಿ ಮಲಗಿಸಲ್ಲ. ತಮ್ಮ ಮನೆಯಿಂದ, ತಮ್ಮವರ ನಡುವಿನಿಂದಲೇ ಹೊರಡ್ತಾರೆ."

ಮೊರೀನ್ ಅವನ ಕೈ ಹಿಡಿದು ಬಿಕ್ಕಿದಳು. ಮಾತು ನಾಟಿತು ಎಂದು ಅಚ್ಯುತ ಸಮಾಧಾನಪಟ್ಟ.

ಅವನು ಮರಳಿದಾಗ ತನ್ನ ಮನೆ ಬಾಗಿಲಲ್ಲಿ ಡೋರೀನ್ ಆಲೂಗಡ್ಡೆಯ ಬಿಸಿ ಕಡುಬು ಹಿಡಿದು ನಿಂತಿದ್ದಳು. "ಪಾಪ, ಹೆತ್ತಪ್ಪನೇ ಹೋದ ಹಾಗೆ ಬಾಡಿದೀಯಲ್ಲೋ ಮಗಾ. ನನ್ನೆದುರೇ ತಿನ್ನು, ನೋಡೋಣ."

ಒಳಗಿನಿಂದ ತಾಯಿಯ ಕೆಮ್ಮು ಕೇಳಿಸಿತು. "ಹಸಿವಿಲ್ಲ," ಎಂದ ಅಚ್ಯುತ. ಅವನ ಹೊಟ್ಟೆ ಅದೇ ಗಳಿಗೆಯಲ್ಲಿ ಗುಡುಗಿ ಅವನನ್ನು ಸುಳ್ಳುಗಾರನನ್ನಾಗಿ ಮಾಡಿತು.

"ಅಳಬೇಡ. ಸಂಸ್ಕಾರ ಯಾವಾಗಲಾದರೂ ಆಗಲಿ, ದೇಹ ಇವತ್ತೇ ತಗೊಂಡು ಹೋಗ್ತಾರೆ," ಎಂದಳು ಡೋರೀನ್.

ಅಚ್ಯುತನಿಗೆ ಅವಳನ್ನು ತಬ್ಬಿಕೊಳ್ಳುವ ಮನಸ್ಸಾಯಿತು. ಕಡುಬು ಅಡ್ಡ ಇತ್ತು.

ನಡುಹಗಲಿಗೆ ಕಪ್ಪು ವ್ಯಾನು ಬಂದು ಅಜ್ಜನನ್ನು ಕರೆದೊಯ್ದಿತು. ಇಂದಿರಮ್ಮ ಕಿಟಕಿಯಲ್ಲಿ ಕೈಮುಗಿದು, ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದರು. ಆಮೇಲೆ ತಲೆಗೆ ನೀರು ಹಾಕಿಕೊಂಡರು. ತೊಟ್ಟಿಯ ಬಿಸಿನೀರೆಲ್ಲ ಅಲ್ಲಿಗೆ ತೀರಿತು. ಅಚ್ಯುತನ ಪಾಲಿಗೆ ಬಂದದ್ದು ಹಿಮ ಕರಗಿಸಿದಂಥ ನೀರು. ಹಲ್ಲು ಕಟಕಟಿಸುತ್ತ ಬಂದರೆ ಅಡಿಗೆಮನೆ ತೊಳೆಯುವ ಕೆಲಸ. ಬೇಳೆ ಬೇಯುವಷ್ಟರಲ್ಲಿ ಸಂಜೆಯಾಗಿತ್ತು. ಅನ್ನಕ್ಕೆ ಸಾರು ಬಿತ್ತು, ಸಾರಿಗೆ ತುಪ್ಪ ಬಿತ್ತು. ಅಚ್ಯುತ ತುತ್ತು ಕಲಸಿದ.

ಬಾಗಿಲು ತಟ್ಟಿದ ಸದ್ದಾಯಿತು. ಮೊರೀನ್. ಅವಳ ಹಿಂದೆ, ಬೀದಿಯಲ್ಲಿ, ಕಪ್ಪು ವ್ಯಾನು.

"ಬೆಳಿಗ್ಗೆ ನೀವು ಹೇಳಿದ್ದು ತಲೆಯಿಂದ ಹೋಗಲೇ ಇಲ್ಲ," ಎಂದಳು. "ಅವತ್ತೇ ಕಳಿಸೋದು ನಮ್ಮ ಕೈಲಿಲ್ಲ. ಆದರೆ ಅಪ್ಪನ್ನ ಒಂಟಿಯಾಗಿ ಬಿಡದೇ ಇರಬಹುದಲ್ಲ? ಜಗಳ ಮಾಡಿ ವಾಪಸ್ ಕರ್ಕೊಂಡು ಬಂದೆ. ಮೂರು ವಾರ ಮುಂದಿನ ಕೋಣೇಲೇ ಇರ್ತಾರೆ. ನಿಮ್ಮ ಉಪಕಾರ ಮರೆಯಲ್ಲ."

ಅಚ್ಯುತ ಹಿಂದಿರುಗಿ ನೋಡಿದ. ತಾಯಿಗೆ ಇಂಗ್ಲಿಷ್ ಬಾರದು. ಒಂದು ಸಣ್ಣ ಸುಳ್ಳು, ಒಂದೇ ಒಂದು, ಹೇಳಿದರೆ ಇಬ್ಬರ ಊಟವೂ ಉಳಿದೀತು. ಅಷ್ಟರಲ್ಲಿ ಮೊರೀನ್ ಇಂದಿರಮ್ಮನ ಕಡೆ ತಿರುಗಿ, ತನ್ನ ಮನೆ ತೋರಿಸಿ, ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ, ಮೂರು ಬೆರಳೆತ್ತಿದಳು.

ಇಂದಿರಮ್ಮನಿಗೆ ಒಂದಕ್ಷರವೂ ತಪ್ಪದೆ ತಿಳಿಯಿತು. ಅವಳ ತಲೆ ನೇವರಿಸಿ, "ಮಗಳು ಅಂದರೆ ಇವಳು," ಎಂದರು. ಒಳಗೆ ಬಂದು ಮಗನ ತಟ್ಟೆಯನ್ನು ಎತ್ತಿದರು.

"ಮೂರು ವಾರ, ಅಮ್ಮಾ."

"ಒಂದು ದಿನಕ್ಕಾದರೆ ಪೂರ್ತಿ ಉಪವಾಸ, ಇಷ್ಟು ದಿನಕ್ಕೆ ಹಾಲು ಹಣ್ಣಿಗೆ ದೋಷ ಇಲ್ಲ. ನನ್ನ ಮಾತ್ರೆಗೂ ಅಷ್ಟು ಸಾಕು, ನಿನ್ನ ಮೈಗೂ ಒಳ್ಳೇದು. ಕೈ ತೊಳ್ಕೊಂಡು ಬಾ, ಅವರ ಹತ್ತಿರ ಕೂತಿದ್ದು ಬರೋಣ."

ಅಜ್ಜ ತಮ್ಮ ಮುಂದಿನ ಕೋಣೆಯಲ್ಲಿ ಶಾಂತವಾಗಿ ಮಲಗಿದ್ದರು. ತುಪ್ಪದ ವಾಸನೆ ಇನ್ನೂ ಆರದ ಕೈಗಳನ್ನು ಅಚ್ಯುತ ಜೋಡಿಸಿದ; ಇಂದಿರಮ್ಮ ಕೈಮುಗಿದು, ಕಣ್ಣು ಮುಚ್ಚಿ ಬೇಡಿಕೊಂಡರು:

"ಸ್ವಾಮೀ, ಮಣ್ಣಲ್ಲಿ ದುಡಿದ ಜೀವ, ನೆಟ್ಟಿದ್ದನ್ನೆಲ್ಲ ಹಂಚಿ ತಿಂದ ಜೀವ. ಇವರಿಗೆ ನಿನ್ನ ಪಾದದಲ್ಲಿ ನೆಮ್ಮದಿಯ ಜಾಗ ಕೊಡು."