ಬೆಂಚಿನ ತಪ್ಪೇನಿತ್ತು?

ಅತ್ತಿಗೆ: ಈ ಫೋಟೊ ಬೇಡ ಅಂದ್ರೆ ಬೇಡ. ಗುರುತಿನ ಚೀಟಿಯಲ್ಲಿರೋದನ್ನೇ ದೊಡ್ಡದು ಮಾಡಿಸಿ.

ನಾನು: ಅದರಲ್ಲಿ ಅವನು ಕಳ್ಳನ ಹಾಗೆ ಕಾಣ್ತಾನೆ. ಇದನ್ನ ನೋಡಿ ಅತ್ತಿಗೆ, ಎಂಥ ಮುಗ್ಧ ಮುಖ!

ಅತ್ತಿಗೆ: ಅದಕ್ಕೇ ಬೇಡ ಅಂದಿದ್ದು.

ಗೆಳೆಯ ತೀರಿಹೋಗಿ ತಿಂಗಳಾಗಿತ್ತು. ಅವನ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಮುಂದಿನ ಕೋಣೆಯ ಗೋಡೆಗೆ ಅವನದೊಂದು ಫೋಟೊ ಬೇಕೆಂದು ಇಬ್ಬರೂ ಸ್ಟುಡಿಯೊಗೆ ಬಂದಿದ್ದೆವು. ನಾನು ತಂದಿದ್ದು ಇದೇ ಸ್ಟುಡಿಯೊದಲ್ಲಿ ತೆಗೆಸಿದ್ದ, ನಮ್ಮ ಅಂಚೆ ಕಚೇರಿಯವರ ಹಳೆಯ ಗುಂಪು ಫೋಟೊ. ಹಿಂದಿನ ಸಾಲಿನಲ್ಲಿ, ಬೆಂಚಿನ ಮೇಲೆ ನಿಂತು, ಅವನು. ಪಕ್ಕದಲ್ಲಿ ನಾನು, ಅವನ ಭುಜದ ಮೇಲೆ ಕೈಯಿಟ್ಟು.

ಸ್ಟುಡಿಯೊದವನು: ಇದು ನಮ್ಮಪ್ಪ ತೆಗೆದದ್ದು. ಇವರೊಬ್ಬರನ್ನೇ ಬಿಡಿಸಿ ಕೊಡ್ತೀನಿ. ಭುಜದ ಮೇಲಿನ ಕೈ ಅಳಿಸಿಬಿಡೋಣ.

ನಾನು: ಕೈ ನಿಮಗೇನು ಮಾಡ್ತು?

ಸ್ಟುಡಿಯೊದವನು: ಏನೂ ಇಲ್ಲ ಸಾರ್. ಮೈಯಿಲ್ಲದ ಕೈ ನೋಡಿದ್ರೆ ಮನೆಗೆ ಬಂದವರು ಹೆದರ್ಕೋತಾರೆ.

ಅತ್ತಿಗೆ: ಮದುವೆಯಾದಾಗಿನಿಂದ ನೋಡಿದೀನಿ ಆ ಮುಖಾನ. ಮನೆ ಬೀಗದಕೈ ಕಳೆದ ದಿನ ಅದೇ ಮುಖ. ನಮ್ಮಮ್ಮನ ಕನ್ನಡಕದ ಮೇಲೆ ಕೂತ ದಿನ ಅದೇ ಮುಖ. ಏನೂ ಮಾಡದೆ ಇದ್ದ ದಿನ ಇಷ್ಟು ಚೆನ್ನಾಗಿ ಇರ್ತಿರಲಿಲ್ಲ.

ನಾನು: ಈ ಫೋಟೊ ತೆಗೆಸಿದ ದಿನ ಅವನು ಮಾಡಿದ್ದು ಉಪಕಾರ. ನಿನ್ನ ಶೂ ಲೇಸು ಬಿಚ್ಚಿದೆ ಕಣೋ ಅಂತ ತಾನೇ ಬಗ್ಗಿ ಕಟ್ಟಿದ. ಯಾರು ಮಾಡ್ತಾರೆ ಹಾಗೆ?

ಅತ್ತಿಗೆ: ಯಾರೂ ಮಾಡಲ್ಲ.

ನಾನು: ಫೋಟೊ ಮುಗೀತು, ಇಳಿಯೋಕೆ ಹೆಜ್ಜೆ ಇಟ್ಟೆ, ಬೆಂಚು ಅಲ್ಲಾಡಿ ಸೀದಾ ಪೋಸ್ಟ್‌ಮಾಸ್ಟರ್ ಮೇಲೆ ಬಿದ್ದೆ. ನನ್ನ ಮುಂದಿನ ಹಲ್ಲು ಹೋಯ್ತು. ಎಲ್ಲರೂ ಅವರನ್ನ ಎತ್ತೋಕೆ ಓಡಿದ್ರು. ನನ್ನ ಹತ್ರ ಬಂದು ಶೂ ಬಿಚ್ಚಿ ಕಾಲು ನೀವಿದವನು ಇವನೊಬ್ಬನೇ.

ಸ್ಟುಡಿಯೊದವನು: ಓ, ಆ ಬಿದ್ದವರು ನೀವೇನಾ? ನೀವು ಬೈದಿದ್ದಕ್ಕೆ ನಮ್ಮಪ್ಪ ಆ ಬೆಂಚು ಒಡೆಸಿ ಒಲೆಗೆ ಹಾಕಿದ್ರು.

ನಾನು: ಒಳ್ಳೇದೇ ಮಾಡಿದ್ರು.

ಅತ್ತಿಗೆ ಗಾಜಿನ ಮೇಜಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದರು.

ಅತ್ತಿಗೆ: ಶೂ ಯಾಕೆ ಬಿಚ್ಚಿದ್ರು ಅಂತ ಯೋಚಿಸಿದೀರಾ?

ನಾನು: ಕಾಲು ನೀವೋಕೆ.

ಅತ್ತಿಗೆ: ಹೋಗಿದ್ದು ಹಲ್ಲು.

ನಾನು ಫೋಟೊ ಎತ್ತಿ ಕಣ್ಣಿಗೆ ಹತ್ತಿರ ಹಿಡಿದೆ.

ಅತ್ತಿಗೆ: ಎರಡೂ ಶೂಗಳ ಲೇಸನ್ನ ಒಂದಕ್ಕೊಂದು ಗಂಟು ಹಾಕಿದ್ರು. ಯಾರಾದ್ರೂ ನೋಡೋ ಮುಂಚೆ ಬಿಚ್ಚಬೇಕಿತ್ತಲ್ಲ. ಆವತ್ತು ರಾತ್ರಿ ಮನೇಲಿ ಊಟಕ್ಕೆ ಕೂತು ನನಗೆ ಇದನ್ನ ಹೇಳ್ತಾ, ನಕ್ಕು ನಕ್ಕು ಎದ್ದುಹೋದ್ರು.

ನಾನು: ನನಗೆ ಹೇಳಲೇ ಇಲ್ಲ!

ಅತ್ತಿಗೆ: ಹೇಳೋಕೆ ಅಂತಲೇ ಮಾರನೇ ದಿನ ಬೇಗ ಹೊರಟ್ರು. ನೀವು ಕಚೇರಿಯಲ್ಲಿ ಎಲ್ಲರ ಮುಂದೆ, ಇವನಂಥ ಮನುಷ್ಯ ಇಲ್ಲ ಅಂತ ಹೊಗಳ್ತಾ ನಿಂತಿದ್ರಂತೆ. ಆಮೇಲೆ ಬಾಯೇ ಬರಲಿಲ್ಲ. ಕೊನೇವರೆಗೂ ಅದೊಂದು ಸಂಕಟ ಅವರಿಗೆ.

ಸ್ಟುಡಿಯೊದವನು: ಹಾಗಾದ್ರೆ ನಮ್ಮ ಬೆಂಚಿನ ತಪ್ಪೇನಿತ್ತು?

ನಾನು ಗುಂಪು ಫೋಟೊವನ್ನು ಬದಿಗೆ ಸರಿಸಿದೆ.

ನಾನು: ಸರಿ. ಗುರುತಿನ ಚೀಟೀದೇ ಮಾಡಿಕೊಡಿ.

ಅತ್ತಿಗೆ: ಬೇಡ, ಇದೇ ಇರಲಿ. ಕೈ ಅಳಿಸಬೇಡಿ.

ಸ್ಟುಡಿಯೊದವನು: ಅಮ್ಮಾ, ಬರೀ ಕೈ...

ಅತ್ತಿಗೆ: ಆ ಫೋಟೊದಲ್ಲಿ ಮುಗ್ಧವಾಗಿರೋದು ಅದೊಂದೇ.

ಹೊರಡುವಾಗ ಮೆಟ್ಟಿಲ ಬಳಿ ನಿಂತು ಕಾಲು ನೋಡಿಕೊಂಡೆ. ಒಂದು ಲೇಸು ಬಿಚ್ಚಿಕೊಂಡಿತ್ತು. ಬಗ್ಗಿ ನಾನೇ ಕಟ್ಟಿಕೊಂಡೆ.